ಸದ್ದು ಬಿಟ್ಟ ಜೀಪು

ಆ ಶುಕ್ರವಾರ ಸಂಜೆ ಅಂಗಡಿ ಬಾಗಿಲು ಹಾಕಿ ಬಂದವನೇ, ಮನೆ ಮುಂದೆ ನಿಂತ ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿದೆ. ಈ ಗಾಡಿಯ ಹೊಟ್ಟೆಯೊಳಗೆ ಸೇರಿಕೊಂಡಿರುವ ಗದ್ದಲವನ್ನು ನಾನೇ ಹುಡುಕುತ್ತೇನೆ, ನಾನೇ ಹಿಡಿಯುತ್ತೇನೆ, ನಾನೇ ಹೊರಗೆ ಹಾಕುತ್ತೇನೆ. ನಾರಾಯಣಪೇಟೆಯಲ್ಲಿ ಇಷ್ಟು ವರ್ಷ ತೊಗರಿಬೇಳೆ ಮಾರಿದ ಈ ಕೊಟ್ರೇಶನಿಗೆ ಬೇಳೆಯೊಳಗಿನ ಹರಳು ಕಣ್ಣು ಮುಚ್ಚಿದರೂ ಸಿಗುತ್ತದೆ. ಕಬ್ಬಿಣದೊಳಗಿನದು ಸಿಗದೇ ಎಲ್ಲಿಗೆ ಹೋದೀತು?

ನಮ್ಮವ್ವ ಚನ್ನವೀರಮ್ಮ ಕಟ್ಟೆಯ ಮೇಲೆ ಕೂತಿದ್ದಳು. "ಮಿಕ್ಸಿ ರಿಪೇರಿ ಮಾಡಿದ್ದು ನೆನಪೈತೇನು?" ಅಂದಳು.

"ಯವ್ವಾ, ಅದು ಮಿಕ್ಸಿ. ಇದು ಜೀಪು."

"ಅದಕ್ಕ ಕೇಳಿದೆ."

ಜೀಪು ಹಳೆಯದು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವಂಥದ್ದು. ಎರಡು ತಿಂಗಳಿಂದ ಅದರ ಅಡಿಯಲ್ಲಿ ಒಂದು ಸದ್ದು ಶುರುವಾಗಿತ್ತು. ಸ್ವಲ್ಪ ಸ್ಪೀಡಾದರೆ ಗುರ್ರ್ ಅನ್ನುವುದು, ಎಕ್ಸಲೇಟರ್ ಬಿಟ್ಟರೆ ಟಕ್ ಅಂತ ಒದೆಯುವುದು. ಮೆಕ್ಯಾನಿಕ್ ಬಾಲರಾಜು ಮದುವೆಗೆಂದು ಕೋಸಗಿಗೆ ಹೋಗಿದ್ದ. ಸೋಮವಾರದ ತನಕ ಬರುವಂತಿರಲಿಲ್ಲ. ಸೋಮವಾರದ ತನಕ ಕಾಯಲು ನನ್ನಿಂದ ಆಗುವಂತಿರಲಿಲ್ಲ.

ಯಾಕೆಂದರೆ ನನ್ನ ಹೆಂಡತಿ ಭಾಗ್ಯಜ್ಯೋತಿ ಇರುವುದು ಗದ್ವಾಲದಲ್ಲಿ. ಹೋದ ವರ್ಷ ಅವಳಿಗೆ ಪ್ರಮೋಷನ್ ಬಂತು, ಜೊತೆಗೆ ಗದ್ವಾಲದ ಶಾಲೆಯ ಹೆಡ್ ಮೇಡಂ ಕುರ್ಚಿಯೂ ಬಂತು. ನಾನು ಅಂಗಡಿ ಬಿಡುವಂತಿಲ್ಲ, ಅವ್ವ ನಾರಾಯಣಪೇಟೆ ಬಿಡುವುದಿಲ್ಲ. ಹಾಗಾಗಿ ಮದುವೆಯಾಗಿ ಮಗಳನ್ನೂ ಮದುವೆ ಮಾಡಿ ಕೊಟ್ಟಮೇಲೆ, ಹೊಸದಾಗಿ ನಿಶ್ಚಯವಾದವರ ಹಾಗೆ ನಾವು ಶನಿವಾರಕ್ಕೆ ಕಾಯುವವರಾದೆವು. ಶನಿವಾರ ಅಂಗಡಿ ಮುಚ್ಚಿ ಮಕ್ತಲ್ ಮೇಲೆ, ಜುರಾಲಾ ಡ್ಯಾಮಿನ ದಾರಿ ಹಿಡಿದು ಗದ್ವಾಲಕ್ಕೆ ಹೋಗುವುದು, ಸೋಮವಾರ ನಸುಕಿನಲ್ಲಿ ಹೊರಟು ಬರುವುದು.

ಈ ಸಲ ಮೂರು ಶನಿವಾರ ತಪ್ಪಿಹೋಗಿದ್ದವು. ಒಂದು ಅವ್ವನ ಜ್ವರಕ್ಕೆ, ಒಂದು ಅವಳ ಶಾಲೆಯ ಇನ್‌ಸ್ಪೆಕ್ಷನ್ನಿಗೆ, ಒಂದು ಬೇಳೆ ಲೋಡಿಗೆ. ಮನೆಯಲ್ಲಿ ಅವಳ ಕನ್ನಡಕದ ಖಾಲಿ ಡಬ್ಬಿಯೊಂದು ಕಿಟಕಿಯಲ್ಲಿ ಬಿದ್ದಿತ್ತು. ದಿನಾ ಅದನ್ನು ತೆಗೆದು, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದೆ. ಅವ್ವ ನೋಡಿ ಸುಮ್ಮನಾಗುತ್ತಿದ್ದಳು. ಅವ್ವ ಸುಮ್ಮನಾಗಿದ್ದಾಳೆ ಅಂದರೆ ನನ್ನ ಅವಸ್ಥೆ ಎಲ್ಲಿಗೆ ಬಂದಿತ್ತು ನೋಡಿ.

ಅಂದು ರಾತ್ರಿ ಫೋನು ಮಾಡಿದೆ.

"ಬಸ್ಸಿಗೆ ಬರ್ರಿ" ಅಂದಳು ಜ್ಯೋತಿ. "ಆ ಜೀಪಿನ ಜೀವ ಯಾಕ ತಿಂತೀರಿ?"

"ಬಸ್ಸಿಗೆ ಬಂದು ಎಲ್ಲಿ ಕೂಡೋದು?"

"ಹೌದಲ್ಲ" ಅಂದಳು.

ಇದನ್ನು ಬಿಡಿಸಿ ಹೇಳಬೇಕು. ಜ್ಯೋತಿ ಬಾಡಿಗೆಗಿರುವುದು ಗುರುಲಿಂಗಮ್ಮನವರ ಮನೆಯ ಹಿಂದಿನ ಖೋಲಿಯಲ್ಲಿ. ಗುರುಲಿಂಗಮ್ಮ ಬಹಳ ಒಳ್ಳೆಯವರು. ಅದೇ ತೊಂದರೆ. ನಾನು ಹೋದ ಕೂಡಲೇ ಚಹಾ ತಂದು, ನಮ್ಮಿಬ್ಬರ ನಡುವೆ ಕುರ್ಚಿ ಹಾಕಿಕೊಂಡು, ಮೊಣಕಾಲು ನೋವಿನ ಚರಿತ್ರೆಯನ್ನು ಮೊದಲಿನಿಂದ ಶುರು ಮಾಡುತ್ತಾರೆ. ಫೋನಿನಲ್ಲಾದರೂ ಮಾತಾಡೋಣವೆಂದರೆ ಆ ಕಡೆ ಅವರು, ಈ ಕಡೆ ನಮ್ಮವ್ವ. ಇಡೀ ಎರಡು ಜಿಲ್ಲೆಯಲ್ಲಿ ನಾವಿಬ್ಬರೇ ಇರುವ ಜಾಗ ಎಂದರೆ ಆ ಜೀಪು ಒಂದೇ. ಭಾನುವಾರ ಸಂಜೆ ಅದರಲ್ಲಿ ಹೊಳೆ ದಂಡೆಗೆ ಹೋಗಿ, ಶೇಂಗಾ ಸುಲಿದು ತಿನ್ನುತ್ತಾ, ಕತ್ತಲಾಗುವ ತನಕ ಕೂತಿರುತ್ತಿದ್ದೆವು. ಈ ಸದ್ದು ಬಂದಮೇಲೆ ದಾರಿಯ ಮಾತೆಲ್ಲ ಹೋಯಿತು. ಅವಳು ಏನೋ ಹೇಳುವಳು, ನಾನು "ಆಂ?" ಅನ್ನುವೆ, ಅವಳು "ಏನಿಲ್ಲ ಬಿಡ್ರಿ" ಅನ್ನುವಳು. ವಾರವಿಡೀ ಕೂಡಿಟ್ಟ ಮಾತು "ಏನಿಲ್ಲ ಬಿಡ್ರಿ"ಯಾಗಿ ಮಣ್ಣುಪಾಲಾಗುತ್ತಿತ್ತು.

ಶನಿವಾರ ಬೆಳಗಾಗುತ್ತಲೇ ಜೀಪಿನ ಕೆಳಗೆ ತೂರಿದೆ. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಬಲ ಒಯ್ಯುವ ಉದ್ದನೆಯ ಕಬ್ಬಿಣದ ಶಾಫ್ಟ್ ಇರುತ್ತದೆ. ಅನುಮಾನ ಅದರ ಮೇಲೆ. ಅದನ್ನು ಬಿಚ್ಚಿ, ಬರೀ ಮುಂದಿನ ಚಕ್ರದ ಬಲದಲ್ಲಿ ಓಡಿಸಿ ನೋಡುವುದು. ಸದ್ದು ನಿಂತರೆ ಕಳ್ಳ ಸಿಕ್ಕ. ಎಂಥ ಯುಕ್ತಿ! ತಿರುಗಿ ಕೂರಿಸುವಾಗ ಜೋಡಣೆ ತಪ್ಪಬಾರದೆಂದು ದೇವರ ಕೋಣೆಯಿಂದ ವಿಭೂತಿ ತಂದು ಗುರುತಿನ ಗೆರೆಗಳನ್ನೂ ಎಳೆದೆ. ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದಿದ್ದೆ. ನಮ್ಮ ಓಣಿ ಇಳಿಜಾರು, ಆದರೆ ಬ್ರೇಕ್ ಇದೆಯಲ್ಲ.

ಶಾಫ್ಟ್ ಬಿಚ್ಚಿ ಹೊರಗೆಳೆದು, ಹೆಗಲ ಮೇಲೆ ಗದೆಯಂತೆ ಇಟ್ಟುಕೊಂಡು ಬೀದಿಗೆ ತೋರಿಸುತ್ತಾ ನಿಂತೆ. ಅಷ್ಟರಲ್ಲಿ ಅವ್ವ ಮೊರದಲ್ಲಿ ಬೇಳೆ ಹಿಡಿದು, ಜೀಪಿನ ಹಿಂದಿನ ಸೀಟಿನಲ್ಲಿ ನೆರಳಿದೆ ಎಂದು ಹತ್ತಿ ಕೂತಳು.

ಒಂದು ಸಂಗತಿ ನನಗೆ ಆಗ ಹೊಳೆಯಲಿಲ್ಲ. ಈ ಹಳೇ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಆ ಶಾಫ್ಟನ್ನು ಹಿಡಿಯುತ್ತದೆ. ಶಾಫ್ಟ್ ನನ್ನ ಹೆಗಲ ಮೇಲಿತ್ತು. ಅಷ್ಟು ಹೊತ್ತು ಗಾಡಿಯನ್ನು ನಿಲ್ಲಿಸಿದ್ದು ಚಕ್ರಕ್ಕೆ ತಾಗಿದ್ದ ಒಂದು ಸಣ್ಣ ಕಲ್ಲು. ಅವ್ವ ಹತ್ತಿದ ತೂಕಕ್ಕೆ ಜೀಪು ಕಲ್ಲು ದಾಟಿತು.

ಮೆಲ್ಲಗೆ, ಬಹಳ ಗೌರವದಿಂದ, ನಮ್ಮವ್ವನನ್ನು ಕೂರಿಸಿಕೊಂಡು ಜೀಪು ಹಿಂದಕ್ಕೆ ಹೊರಟಿತು. ಅವ್ವ ಬೇಳೆ ಕೇರುತ್ತಲೇ ಇದ್ದಳು. ನಾನು "ಯವ್ವಾ, ಇಳಿ! ಬ್ಯಾಡ, ಇಳೀಬ್ಯಾಡ!" ಎಂದು ಕೂಗುತ್ತಾ, ಶಾಫ್ಟನ್ನು ಕೆಳಗಿಡಬೇಕೆಂಬುದೂ ತಿಳಿಯದೆ ಅದನ್ನು ಹೊತ್ತುಕೊಂಡೇ ಬೆನ್ನಟ್ಟಿದೆ. ಬೀದಿಯ ಜನಕ್ಕೆ ಕಂಡದ್ದಿಷ್ಟು: ಮುಂದೆ ಜೀಪಿನಲ್ಲಿ ವಯಸ್ಸಾದ ತಾಯಿ, ಹಿಂದೆ ಕಬ್ಬಿಣದ ದೊಣ್ಣೆ ಎತ್ತಿಕೊಂಡು ಓಡುವ ಮಗ.

ಓಣಿಯ ಕೊನೆಯಲ್ಲಿ ಹನುಮಂತುವಿನ ಶೇಂಗಾ ಹೊಟ್ಟಿನ ಬಣವಿ ಇತ್ತು. ಜೀಪು ಅದರೊಳಗೆ ಅರ್ಧ ಹೊಕ್ಕು, ಉಸ್ಸೆಂದು ನಿಂತಿತು. ಹನುಮಂತು ಓಡಿ ಬಂದ. "ಏಮೈಂದಿ ಸಾವ್ಕಾರ್?" ಏನಾಯಿತೆಂದು ನಮ್ಮ ಗಡಿಯೂರಿನ ರೂಢಿಯಂತೆ ತೆಲುಗಿನಲ್ಲಿ ಕೇಳಿ, ನನ್ನ ಹೆಗಲು ನೋಡಿ ಕನ್ನಡಕ್ಕೆ ಬಂದ. "ಹೆತ್ತ ತಾಯೀರಿ. ಏನಾರ ತಪ್ಪಾಗಿದ್ರ ಕೂತು ಮಾತಾಡಬೇಕು."

ನಾನು ಏದುಸಿರು ಬಿಡುತ್ತಾ ಅವ್ವನ ಹತ್ತಿರ ಹೋದೆ. ಬೇಳೆ ಒಂದು ಕಾಳೂ ಚೆಲ್ಲಿರಲಿಲ್ಲ.

"ಪೆಟ್ಟಾತೇನಬೇ?"

"ಇಲ್ಲಪ್ಪ. ಇಷ್ಟು ಮೆತ್ತಗ ನೀ ಯಾವತ್ತೂ ನಡಿಸಿದ್ದಿಲ್ಲ ನೋಡು."

ಹನುಮಂತು ಟ್ರ್ಯಾಕ್ಟರ್ ತರುತ್ತೇನೆಂದ. ಬೇಡವೆಂದೆ. ಅವ್ವನನ್ನು ಇಳಿಸಿ, ಸ್ಟಾರ್ಟ್ ಮಾಡಿ, ಫೋರ್ ವೀಲಿನ ಲಿವರ್ ಹಾಕಿದೆ. ಮುಂದಿನ ಚಕ್ರಗಳೇ ಜಗ್ಗಿ ಜೀಪು ಬಣವಿಯಿಂದ ಈಚೆ ಬಂತು. ಓಣಿ ಏರಿತು. ದೊಡ್ಡ ರಸ್ತೆಗೆ ಬಂತು. ಸ್ಪೀಡು ಏರಿಸಿದೆ.

ಸದ್ದಿಲ್ಲ.

ಎಕ್ಸಲೇಟರ್ ಬಿಟ್ಟೆ. ಟಕ್ ಇಲ್ಲ. ಕಳ್ಳ ಸಿಕ್ಕಿದ್ದ. ಶಾಫ್ಟಿನ ತುದಿಯ ಜಾಯಿಂಟಿನಲ್ಲಿ ಕ್ರಾಸ್ ಅಂತ ಒಂದು ಬಿಡಿಭಾಗ ಇರುತ್ತದೆ. ಗ್ರೀಸ್ ಒಣಗಿ ಅದು ಸವೆದಿತ್ತು. ಹೊಸದು ನಮ್ಮೂರಲ್ಲಿ ಸಿಗಲಿಲ್ಲ. ಹೈವೇ ಊರು ಮಕ್ತಲಿನಲ್ಲಿ ಸಿಕ್ಕೇ ಸಿಗುತ್ತದೆ, ಅದು ಹೇಗೂ ಗದ್ವಾಲದ ದಾರಿಯೇ. ಮಧ್ಯಾಹ್ನ ಶಾಫ್ಟನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಮುಂದಿನ ಚಕ್ರಗಳ ಮೇಲೆ ಹೊರಟೆ.

ಮಕ್ತಲಿನಲ್ಲಿ ಅಂಗಡಿಯವನ ಸುತ್ತಿಗೆ ಇಸಿದುಕೊಂಡು, ಬೇವಿನ ಮರದ ಕೆಳಗೆ ಹಳೇ ಕ್ರಾಸ್ ಬಡಿದು ತೆಗೆದು ಹೊಸದು ಕೂರಿಸಿದೆ. ಈ ಸಲ ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟಿದ್ದೆ. ತಿರುಗಿ ಜೋಡಿಸಲು ನೋಡಿದರೆ ವಿಭೂತಿಯ ಗುರುತೆಲ್ಲ ಓಡುವಾಗ ನನ್ನ ಅಂಗಿಯ ಹೆಗಲಿಗೆ ಬಂದುಬಿಟ್ಟಿತ್ತು. ಅಂದಾಜಿನಲ್ಲಿ ಕೂರಿಸಿದೆ, ಜೀಪು ಚಳಿಜ್ವರ ಬಂದವರಂತೆ ನಡುಗಿತು. ಮತ್ತೆ ಬಿಚ್ಚಿ, ಎರಡು ತುದಿಯ ಕವಲುಗಳು ಒಂದೇ ಸಾಲಿಗೆ ಬರುವಂತೆ ಕೂರಿಸಿದೆ. ನಡುಕ ಹೋಯಿತು. ಜುರಾಲಾ ದಾಟುವಾಗ ನೀರಿನ ಮೇಲೆ ಇಳಿಬಿಸಿಲು ಬಿದ್ದಿತ್ತು, ಗೇಟಿನಿಂದ ನೀರು ಧುಮುಕುವ ಸದ್ದು ಜೀಪಿನೊಳಗೇ ಕೇಳಿಸುತ್ತಿತ್ತು. ಇಲ್ಲಿ ಪಕ್ಕದಲ್ಲಿ ಅವಳು ಕೂತಿರಬೇಕಿತ್ತು ಅನಿಸಿತು. ಅವಳ ಹತ್ತಿರವೇ ಹೋಗುತ್ತಿದ್ದೆ, ಆದರೂ ಹಾಗೆ ಅನಿಸಿತು.

ಜ್ಯೋತಿ ಬಾಗಿಲಲ್ಲೇ ನಿಂತಿದ್ದಳು. ನನ್ನದು ಗ್ರೀಸ್ ಮೆತ್ತಿದ ಅಂಗಿ, ಕೂದಲಲ್ಲಿ ಹೊಟ್ಟು, ಹೆಗಲಲ್ಲಿ ವಿಭೂತಿ. ಅವಳು ಬಾಯಿಗೆ ಸೆರಗು ಹಿಡಿದಳು. ಅಷ್ಟರಲ್ಲಿ ಗುರುಲಿಂಗಮ್ಮ ಚಹಾ ತಂದರು, ಕುರ್ಚಿ ಹಾಕಿದರು.

ಇರಲಿ, ನಾಳೆ ಭಾನುವಾರ ಎಂದುಕೊಂಡೆ.

ಭಾನುವಾರ ಸಂಜೆ ಜ್ಯೋತಿ ಜರಿಯಂಚಿನ ಹಸಿರು ಗದ್ವಾಲ ಸೀರೆ ಉಟ್ಟು ಬಂದಳು. ಜೀಪು ಸ್ಟಾರ್ಟ್ ಮಾಡಿದೆ. ಗುರುಲಿಂಗಮ್ಮ ಅಂಗಳದಲ್ಲಿ ನಿಂತು ಕಿವಿಗೊಟ್ಟು ಕೇಳಿದರು.

"ಸಪ್ಪಳ ಇಲ್ಲಲ್ಲಪ್ಪ?"

"ಇಲ್ರಿ" ಅಂದೆ, ಎದೆಯುಬ್ಬಿಸಿ. "ನಾನ ರಿಪೇರಿ ಮಾಡೀನಿ."

"ಚಲೋ ಆತು. ಆ ಗದ್ದಲಕ್ಕ ಹೆದರಿ ಸುಮ್ಮನಿದ್ದೆ. ಹೊಳಿ ನೋಡಿ ಬಾಳ ದಿನ ಆಗಿತ್ತು. ತಡೀರಿ, ಚಪ್ಪಲಿ ಹಾಕ್ಕೊಂಡು ಬಂದೆ."

ಮೊಣಕಾಲಿಗೆ ಜಾಗ ಬೇಕೆಂದು ಅವರು ಮುಂದೆ ಕೂತರು. ಜ್ಯೋತಿ ಹಿಂದೆ ಹತ್ತಿದಳು. ದಾರಿಯುದ್ದಕ್ಕೂ ಮೊಣಕಾಲಿನ ಚರಿತ್ರೆ ಒಂದಕ್ಷರ ಬಿಡದೆ ನನ್ನ ಕಿವಿಗೆ ಬಿತ್ತು. ಕನ್ನಡಿಯಲ್ಲಿ ಜ್ಯೋತಿಯ ಕಣ್ಣುಗಳು ಕಂಡವು. ನಾನು ನೋಡಿದೆ, ಅವಳೂ ನೋಡಿದಳು.

ಹೊಳೆಯ ಹತ್ತಿರ ಗುರುಲಿಂಗಮ್ಮ ನಿಧಾನ ಇಳಿದು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೋದರು. ಅಷ್ಟು ಹೊತ್ತು ಸಿಕ್ಕಿತು. ನಾನು ಸೀಟಿನಲ್ಲೇ ಹಿಂದಕ್ಕೆ ತಿರುಗಿದೆ.

"ಸೊರಗೀರಿ" ಅಂದಳು ಜ್ಯೋತಿ.

"ನೀನೂ."

ಅವಳು ನನ್ನ ಕೂದಲಿನಿಂದ ಉಳಿದಿದ್ದ ಒಂದು ಎಳೆ ಹೊಟ್ಟು ತೆಗೆದಳು. ತೆಗೆದ ಮೇಲೂ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಗುರುಲಿಂಗಮ್ಮ ಕೆಳಗಿನಿಂದ "ಕೈ ಹಿಡೀರಪ್ಪ ಯಾರಾರ" ಎಂದು ಕರೆದರು, ಹೋಗಿ ಹಿಡಿದೆ.

ತಿರುಗಿ ಬರುವಾಗ ಅವರು ಮುಂದಿನ ಭಾನುವಾರ ಮಲ್ದಕಲ್ ಗುಡಿಗೆ ಹೋಗೋಣವೆಂದೂ, ತಂಗಿಯನ್ನೂ ಕರೆಯುತ್ತೇನೆಂದೂ ಹೇಳಿ ಕಣ್ಣು ಮುಚ್ಚಿದರು. ನಿದ್ದೆ ಹತ್ತಿತು ಎಂದುಕೊಂಡೆವು. ಜ್ಯೋತಿ ಹಿಂದಿನಿಂದ ಬಗ್ಗಿ, ನನ್ನ ಕಿವಿಯ ಹತ್ತಿರ ಬಾಯಿ ತಂದು, ಉಸಿರಿನಷ್ಟೇ ಮೆಲ್ಲಗೆ ಕೇಳಿದಳು:

"ರೀ, ಆ ಸಪ್ಪಳ ತಿರುಗಿ ಬರಂಗ ಮಾಡಾಕ ಬರ್ತೈತೇನು?"

ಗುರುಲಿಂಗಮ್ಮ ಕಣ್ಣು ತೆರೆಯದೆಯೇ ಅಂದರು:

"ಬ್ಯಾಡ ಬಿಡವ್ವ, ಹಿಂಗ ಇರ್ಲಿ. ಈಗ ಎಲ್ಲಾ ಚಂದ ಕೇಳಸ್ತೈತಿ."