ಬ್ಯಾಗ್ ತಗೊಂಡು ನಡಿ

ಯಲಬುರ್ಗಾ ರಸ್ತೆಯ ಆ ಹಳ್ಳಿಯಲ್ಲಿ ಸೋರದ ಕೋಣೆ ಇದ್ದದ್ದು ಒಂದೇ ಒಂದು. ಅದರಲ್ಲಿ ಅಂಗನವಾಡಿ ಇತ್ತು. ಅಲ್ಲಿ ಮಕ್ಕಳಿಗೆ ಕಲಿಸುವ ಶಿವಲಿಂಗಮ್ಮನ ಕಷ್ಟಕ್ಕೆಲ್ಲ ಮೂಲ ಇಷ್ಟೇ.

ಬಿತ್ತನೆ ಕಾಲದ ಮೃಗಶಿರ ಮಳೆ, ಊರವರ ಬಾಯಲ್ಲಿ ಮಿರಗ, ಅದರ ಮೋಡ ಮೂಡಿತೆಂದರೆ ಸೊಸೈಟಿಯ ಬೀಜ, ಗೊಬ್ಬರದ ಚೀಲಗಳು ಆ ಕೋಣೆ ಸೇರುತ್ತಿದ್ದವು, ಇಪ್ಪತ್ತೆರಡು ಮಕ್ಕಳು ಹನುಮಪ್ಪನ ಗುಡಿಯ ಕಟ್ಟೆ ಸೇರುತ್ತಿದ್ದವು. ಹೋದ ವರ್ಷ ಆ ಕಟ್ಟೆಯ ಮೇಲೆ ಮಳೆಯಲ್ಲಿ ನೆನೆದು ಒಂಬತ್ತು ಮಕ್ಕಳು ಜ್ವರ ಹಿಡಿದು ಮಲಗಿದಾಗ ಶಿವಲಿಂಗಮ್ಮ ಅದೇ ಹನುಮಪ್ಪನ ಮುಂದೆ ಕಾಯಿ ಒಡೆದು ಹೇಳಿದ್ದಳು: "ಮುಂದಿನ ಮಿರಗಕ್ಕ ನನ್ನ ಮಕ್ಕಳು ಈ ಕಟ್ಟಿ ಹತ್ತಿದ್ರ ನಾ ಶಿವಲಿಂಗಮ್ಮನ ಅಲ್ಲ."

ಆ ಮಿರಗ ಬಂದೇ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಹುಸೇನಬಾಷಾನ ಟ್ರ್ಯಾಕ್ಟರು ಬಾಗಿಲ ಮುಂದೆ ಬಂದು ಕೆಮ್ಮಿ ನಿಂತಿತು. ಮೇಲಿನ ಚೀಲದ ಮೇಲೆ ಸೊಸೈಟಿ ಚೇರ್ಮನ್ ಓಬಳೆಪ್ಪ ಆನೆಯ ಮೇಲಿನ ಅರಸನಂತೆ ಕೂತಿದ್ದ.

"ಅಕ್ಕಾರ, ಕೀಲಿ ಕೊಡ್ರಿ."

"ಕೊಡಂಗಿಲ್ಲ."

"ಮೂರ ವಾರದ್ದು ಮಾತ್ರಿ. ಮೋಡ ನೋಡ್ರಿ, ಎಮ್ಮಿ ಹಂಗ ಬಂದು ನಿಂತೈತಿ. ಗೊಬ್ಬರ ನೆನೀತದ."

"ಹೋದ ವರ್ಷ ಮಕ್ಕಳು ನೆನದ್ವು. ಆವಾಗ ಯಾರೂ ಮೋಡ ನೋಡಲಿಲ್ಲಲ್ರಿ? ಇವತ್ತ ಸೂಪರ್‌ವೈಜರ್ ಮೇಡಂ ಬರ್ತಾರ. ಮಳಿಗಾಲದ ಸ್ವಾಗತ ಐತಿ, ರಾಷ್ಟ್ರಪತಿಗಳ ಕತಿ ಐತಿ. ನಡೀರಿ."

ಕೀಲಿಯನ್ನು ಅವಳು ಕೊರಳ ಸರಕ್ಕೆ ಪೋಣಿಸಿಕೊಂಡಳು. ಪಕ್ಕದ ಮನೆಯ ಮಾರೆವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಅಯ್ಯ ಯವ್ವಾ, ಊರ ಬಿತ್ತಿಗಿ ನಿಂದ್ರಸ್ತೀಯೇನ? ಕೂಸುಗಳಿಗೆ ರಾಷ್ಟ್ರಪತಿ ಯಾತಕ್ಕ? ಅವಕ್ಕ ಇನ್ನಾ ಮೂಗು ಒರಸ್ಕೊಳ್ಳಾಕ ಬರಂಗಿಲ್ಲ!"

"ರಾಷ್ಟ್ರಪತಿಗೋಳೂ ಸಣ್ಣಾವರಿದ್ದಾಗ ಮೂಗು ಒರಸ್ಕೊಳ್ಳಾಕ ಕಲ್ತಾರ, ಮಾರೆವ್ವ" ಎಂದು ಶಿವಲಿಂಗಮ್ಮ ಒಳಗೆ ಹೋದಳು.

ಕಿಟಕಿಯ ಕಟ್ಟೆಯ ಮೇಲೆ ಮಕ್ಕಳು ಮಾಡಿದ ಮಣ್ಣೆತ್ತುಗಳು ಸಾಲಾಗಿದ್ದವು. ಒಂದಕ್ಕೆ ಕೋಡು ಮೂರು, ಒಂದಕ್ಕೆ ಕಾಲೇ ಇಲ್ಲ. ಅವುಗಳ ಮುಂದೆ ನಿಂತು ಅವಳು ಕತೆ ಶುರು ಮಾಡಿದಳು. ಚಿಕ್ಕಂದಿನಿಂದ ಪುರಾಣ ಕೇಳಿ ಬೆಳೆದವಳು. ಕತೆಗೆ ನಿಂತರೆ ದನಿ ತಾನಾಗಿಯೇ ರಾಗ ಹಿಡಿಯುತ್ತಿತ್ತು.

"ದಿಲ್ಲಿಯೊಳಗ ಒಂದು ದೊಡ್ಡ ಮನಿ. ಮುನ್ನೂರ ನಲವತ್ತ ಕೋಣಿ. ಅಲ್ಲಿ ಮೇಷ್ಟ್ರಾಗಿದ್ದವರು ಬಂದು ಕೂತ್ರು, ರಾಕೆಟ್ ಮಾಡಿದವರು ಬಂದು ಕೂತ್ರು, ಹಳ್ಳಿ ಹೆಣ್ಣಮಗಳು ಬಂದು ಕೂತ್ಳು. ಆದ್ರ ಮಕ್ಕಳ, ಒಂದು ಕೋಣಿನೂ ಅವರ ಸ್ವಂತದ್ದಲ್ಲ. ಐದು ವರ್ಷ ಆತಂದ್ರ?"

ಇಲ್ಲಿ ಅವಳು ಕಿಟಕಿಯ ಕಡೆ ತಿರುಗಿ ದನಿ ಏರಿಸಿದಳು. ಹೊರಗೆ ಓಬಳೆಪ್ಪ ಇದ್ದ. ಅವನು ಸೊಸೈಟಿಯ ಕುರ್ಚಿ ಹಿಡಿದು ಹದಿನೈದು ವರ್ಷವಾಗಿತ್ತು.

"ಐದು ವರ್ಷ ಆತಂದ್ರ, ಬ್ಯಾಗ್ ತಗೊಂಡು ನಡಿ!"

"ಬ್ಯಾಗ್ ತಗೊಂಡು ನಡಿ!" ಎಂದು ಇಪ್ಪತ್ತೆರಡು ಗಂಟಲು ಒಟ್ಟಿಗೆ ಕೂಗಿದವು.

ಟ್ರ್ಯಾಕ್ಟರಿನ ಮೇಲೆ ಹುಸೇನಬಾಷಾ ಮೀಸೆಯಡಿ ನಕ್ಕ. "ಚೇರ್ಮನ್ರ, ಪಾಠ ನಿಮಗ ನಡದೈತಿ ನೋಡ್ರಿ."

"ಮುಚ್ಚಲೇ, ತಾಡಪತ್ರಿ ಎಳಿ" ಎಂದ ಓಬಳೆಪ್ಪ.

ಹನ್ನೊಂದಕ್ಕೆ ಸೂಪರ್‌ವೈಜರ್ ಗೀತಾ ಮೇಡಂ ಸ್ಕೂಟಿಯ ಮೇಲೆ ಬಂದರು. ಮಕ್ಕಳು ಮಳೆಯನ್ನು ಹಾಡಿ ಕರೆದವು, ಮಣ್ಣೆತ್ತು ತೋರಿಸಿದವು. ಐದು ವರ್ಷವಾದ ಮೇಲೆ ರಾಷ್ಟ್ರಪತಿ ಏನು ಮಾಡುತ್ತಾರೆ ಎಂದು ಮೇಡಂ ಕೇಳಿದಾಗ ಹೆಂಚು ಹಾರುವ ಹಾಗೆ ಉತ್ತರ ಬಂತು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಛಲೋ ಕಲಿಸೀರಿ ಶಿವಲಿಂಗಮ್ಮ. ನಿಮಗೇನರ ತೊಂದರಿ ಐತೇನು?"

ಒಂದು ವರ್ಷದಿಂದ ಈ ಪ್ರಶ್ನೆಗೇ ಕಾದಿದ್ದವಳು ಅವಳು. "ಒಂದು ಕಾಗದ ಬರದು ಕೊಡ್ರಿ ಮೇಡಂ. 'ಈ ಕೋಣಿಯೊಳಗ ಇರೋದನ್ನ ಯಾರೂ, ಯಾವ ಕಾರಣಕ್ಕೂ ಹೊರಗ ಹಾಕಬಾರದು' ಅಂತ ಬರೀರಿ."

ಮೇಡಂ ಅಕ್ಷರ ಬಿಡದೆ ಬರೆದರು, ಶಿಕ್ಕಾ ಒತ್ತಿದರು. ಗುಡುಗು ಕೇಳಿದ್ದೇ ಹಳ್ಳ ತುಂಬಿ ಬರುವುದರೊಳಗೆ ತಮ್ಮ ಊರು ಮುಟ್ಟಬೇಕೆಂದು ಸ್ಕೂಟಿ ಹತ್ತಿ ಹೋದರು. ಶಿವಲಿಂಗಮ್ಮ ಅನ್ನದ ಅಗುಳು ಹಚ್ಚಿ ಕಾಗದವನ್ನು ಬಾಗಿಲಿಗೆ ಅಂಟಿಸಿ ಓಬಳೆಪ್ಪನಿಗೆ ಜೋರಾಗಿ ಓದಿ ಹೇಳಿದಳು. ಅವನು ಹುಳಿ ಮಾವು ಕಚ್ಚಿದವನಂತೆ ಮುಖ ಮಾಡಿ ಕೇಳಿದ.

ಆಗ ನಾಲ್ಕು ವರ್ಷದ ಹೊಳಿಯಮ್ಮ ಎದ್ದು ನಿಂತಳು.

"ಅಕ್ಕಾರ, ನೀವು ಎಂದು ಹೋಗ್ತೀರಿ?"

"ಎಲ್ಲಿಗಿ ಬಂಗಾರ?"

"ಬ್ಯಾಗ್ ತಗೊಂಡು. ನಮ್ಮಕ್ಕಗೂ ನೀವ ಕಲಿಸೀರಂತ. ಅಕಿ ಈಗ ಆರನೇತ್ತೆ."

"ನಮ್ಮಣ್ಣಗೂ ಕಲಿಸ್ಯಾರ!" ಎಂದ ಕಳಕೇಶ. "ಅವ ಹತ್ತನೇತ್ತೆ!"

ಬಾಗಿಲಲ್ಲಿ ಓಬಳೆಪ್ಪನ ಮುಖ ಅಮಾವಾಸ್ಯೆ ಕಳೆದ ಚಂದ್ರನಂತೆ ಮೆಲ್ಲಗೆ ಅರಳಿತು. "ಹತ್ತನೇತ್ತೆ ಅಂದ್ರ ಹನ್ನೆರಡು ವರ್ಷ ಆತಲ್ರಿ ಅಕ್ಕಾರ? ಕೂಸುಗಳು ಕೇಳಾಕ ಹತ್ಯಾವ. ನೀವ ಕಲಿಸಿದ್ದು."

ಅಷ್ಟರಲ್ಲಿ ಕಳಕೇಶ ಗೂಟದ ಮೇಲಿದ್ದ ಅವಳ ಬ್ಯಾಗನ್ನು ಎಳೆದು ತಂದು ಕೈಗೆ ಕೊಟ್ಟು ಸೆಲ್ಯೂಟ್ ಹೊಡೆದ. ಮಕ್ಕಳ ಕಣ್ಣಲ್ಲಿ ಚೇಷ್ಟೆ ಇರಲಿಲ್ಲ, ಅವು ನಂಬಿದ್ದವು. ಶಿವಲಿಂಗಮ್ಮನನ್ನು ಕಟ್ಟಿಹಾಕಿದ್ದು ಅದು. ತಾನು ಹೇಳಿದ ಕತೆಯನ್ನು ತಾನೇ ಸುಳ್ಳು ಮಾಡುವುದು ಹೇಗೆ?

"ನಡೀತೀನಿ!" ಎಂದಳು ಕತ್ತೆತ್ತಿ. "ಆದ್ರ ಕೇಳ್ರಿ. ಮೊದಲನೇ ರಾಷ್ಟ್ರಪತಿಗೋಳು ಎರಡನೇ ಸಲನೂ ಆರಿಸಿ ಬಂದಿದ್ರು. ಹೊರಗ ಹೋಗಿ, ಗುಡಿ ಒಂದು ಸುತ್ತು ಹಾಕಿ, ನಾನೂ ಮತ್ತ ಬರ್ತೀನಿ. ಯಾರಿಗಿ ಒಪ್ಪಿಗಿ ಐತಿ, ಕೈ ಎತ್ರಿ!"

ಇಪ್ಪತ್ತೆರಡು ಕೈ ಮೇಲೆದ್ದವು. ಹೊಳಿಯಮ್ಮ ಎರಡೂ ಕೈ ಎತ್ತಿದಳು.

"ಐದು ವರ್ಷಕ್ಕ ಒಂದ ಸುತ್ತು ಹೆಂಗ್ರಿ?" ಎಂದ ಓಬಳೆಪ್ಪ ಕೈ ಮುಗಿದು. "ಐದು ಸುತ್ತು ಹಾಕ್ರಿ. ಹನುಮಪ್ಪಗ ಕಡಿಮಿ ಮಾಡಬಾರದು."

ದೇವರ ಲೆಕ್ಕದಲ್ಲಿ ಚೌಕಾಸಿ ಮಾಡುವವಳಲ್ಲ ಅವಳು. ಬ್ಯಾಗು ಹೆಗಲಿಗೇರಿತು; ಕೀಲಿ ಕೊರಳಲ್ಲೇ ಇತ್ತು, ಬಾಗಿಲು ತೆರೆದೇ ಉಳಿಯಿತು. ಹಿಂದೆ ಮಕ್ಕಳು, ಅವುಗಳ ಹಿಂದೆ ಅಂಗನವಾಡಿಯಲ್ಲಿ ಅಡುಗೆ ಮಾಡುವ ಮುದುಕವ್ವ ತಟ್ಟೆ ಬಡಿಯುತ್ತ. ಮೂರನೇ ಸುತ್ತಿಗೆ ದಪ್ಪ ಹನಿ ಬಿತ್ತು. ಮಕ್ಕಳು ಹೋ ಎಂದು ಕುಣಿದವು. ಐದನೇ ಸುತ್ತಿಗೆ ಮಳೆ ಹಗ್ಗ ಇಳಿಬಿಟ್ಟಂತೆ ಸುರಿಯಿತು. ತೊಯ್ದ ಸೀರೆಯಲ್ಲಿ, ಎರಡನೇ ಸಲ ಗೆದ್ದವಳ ಗತ್ತಿನಲ್ಲಿ ಶಿವಲಿಂಗಮ್ಮ ಕೋಣೆಗೆ ಬಂದಳು.

ಕೋಣೆ ಇತ್ತು, ಕಾಲಿಡಲು ನೆಲ ಇರಲಿಲ್ಲ. ಅರ್ಧ ಊರು ಸಾಲುಗಟ್ಟಿ ಕೈಯಿಂದ ಕೈಗೆ ದಾಟಿಸಿದ ಚೀಲಗಳು ಜಂತೆ ಮುಟ್ಟಿದ್ದವು. ತುತ್ತತುದಿಯ ಚೀಲದ ಮೇಲೆ ಮಣ್ಣೆತ್ತುಗಳನ್ನು ಯಾರೋ ಸಾಲಾಗಿ ಕೂರಿಸಿದ್ದರು. ಹೊಸ್ತಿಲ ಮೇಲೆ ಮಾರೆವ್ವ ಹಿಟ್ಟಿನ ಕೈಯಲ್ಲೇ ಕಾವಲು ಕೂತಿದ್ದಳು.

"ತಗೀರಿ ಹೊರಗ! ಸರಕಾರದ ಕಾಗದ ಐತಿ!" ಎಂದು ಶಿವಲಿಂಗಮ್ಮ ಗುಡುಗಿದಳು.

"ಐತಲ್ರಿ!" ಓಬಳೆಪ್ಪ ಕನ್ನಡಕ ಏರಿಸಿ ಬಾಗಿಲು ನೋಡುತ್ತ ಓದಿದ: "ಈ ಕೋಣಿಯೊಳಗ ಇರೋದನ್ನ ಯಾರೂ, ಯಾವ ಕಾರಣಕ್ಕೂ ಹೊರಗ ಹಾಕಬಾರದು. ಶಿಕ್ಕಾ ಬ್ಯಾರೆ ಐತಿ. ನಾ ಹೆಂಗ ತಗೀಲ್ರಿ ಅಕ್ಕಾರ? ತಪ್ಪಾಕ್ಕೈತಿ."

"ಮೂರ ವಾರ ಆದ ಮ್ಯಾಲೆ?"

"ಕಾಗದದಾಗ ವಾರ ಬರದಿಲ್ರಿ."

ಮಕ್ಕಳು ಚೀಲಗಳ ಎದುರು ನಿಂತು, ಸೊಂಟಕ್ಕೆ ಕೈ ಕೊಟ್ಟು, ಕಲಿತದ್ದನ್ನು ಒಮ್ಮೆ ಕೂಗಿ ನೋಡಿದವು: "ಬ್ಯಾಗ್ ತಗೊಂಡು ನಡಿ!" ಚೀಲಗಳು ಅಲುಗಲಿಲ್ಲ.

ಶಿವಲಿಂಗಮ್ಮ ಖಾಲಿ ಟ್ರ್ಯಾಕ್ಟರಿನ ಮೇಲಿದ್ದ ತಾಡಪತ್ರಿಯನ್ನು ಸರ್ರನೆ ಎಳೆದುಕೊಂಡಳು. ಹುಸೇನಬಾಷಾ ಅವಳ ಕಣ್ಣು ನೋಡಿ ಸಿಕ್ಕಿಕೊಂಡಿದ್ದ ಅಂಚನ್ನು ತಾನೇ ಬಿಡಿಸಿಕೊಟ್ಟ. ಮಕ್ಕಳನ್ನು ಅದರಡಿ ಸೇರಿಸಿಕೊಂಡು ಗುಡಿಯ ಕಟ್ಟೆ ಹತ್ತಿದವಳು ಒಳಗಿದ್ದ ಹನುಮಪ್ಪನ ಕಡೆ ಒಮ್ಮೆ ನೋಡಿದಳು.

"ಏನ್ ನೋಡ್ತೀಯೋ? ನೀ ಎಷ್ಟ ವರ್ಷ ಆತು ಇಲ್ಲಿ ಕೂತು?"