ನೀವು ಸುಮ್ನಿರಿ, ಬಿಲ್ಲು ನಾನು ಕೊಡ್ತೇನೆ!

ನನಗೆ ದುಶ್ಚಟಗಳಿಲ್ಲ. ಬೀಡಿ ಇಲ್ಲ, ನಶ್ಯ ಇಲ್ಲ, ಇಸ್ಪೀಟಿನಲ್ಲಿ ರಾಜ ಯಾರು ಗುಲಾಮ ಯಾರು ಎಂದು ಗುರುತಿಸುವಷ್ಟೂ ಜ್ಞಾನವಿಲ್ಲ. ಎಲೆ ಅಡಿಕೆ ಕೂಡ ಮದುವೆಮನೆಯಲ್ಲಿ ಬಿಟ್ಟಿ ಸಿಕ್ಕಿದರೆ ಮಾತ್ರ. ಮಣಿಪಾಲದ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ ನನ್ನ ಕಿಸೆ ಪ್ರತಿ ತಿಂಗಳೂ ಇಪ್ಪತ್ತನೇ ತಾರೀಕಿಗೆ ಖಾಲಿಯಾಗುತ್ತಿತ್ತು. ಅದಕ್ಕೆ ಬೆಲೆಯೇರಿಕೆಯೇ ಕಾರಣವೆಂದೂ, ಬೆಲೆಯೇರಿಕೆಗೆ ದೆಹಲಿಯವರೇ ಕಾರಣವೆಂದೂ ನಾನು ದೃಢವಾಗಿ ನಂಬಿದ್ದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಿನಾ ಸಂಜೆ ನಾಲ್ಕಕ್ಕೆ ನಾವು ನಾಲ್ಕು ಮಂದಿ ಆಫೀಸಿನ ಹತ್ತಿರದ ಹೋಟೆಲಿಗೆ ಹೋಗುತ್ತಿದ್ದೆವು. ನಾನು, ನನ್ನ ಪಕ್ಕದ ಮೇಜಿನ ಸದಾನಂದ, ಮತ್ತೆ ನಮ್ಮದೇ ವಿಭಾಗದ ಇನ್ನಿಬ್ಬರು. ತಲಾ ಒಂದು ಪ್ಲೇಟು ಗೋಳಿಬಜೆ, ಒಂದು ಕಾಫಿ. ತಿಂದಾದ ಮೇಲೆ ನಿಜವಾದ ಕಾರ್ಯಕ್ರಮ! ಆ ಹೋಟೆಲಿನಲ್ಲಿ ಚೀಟಿ ಕೊಡುವ ಕ್ರಮವಿರಲಿಲ್ಲ. ಸಪ್ಲಾಯರ್ ಒಳಗಿನಿಂದಲೇ ಬಿಲ್ಲಿನ ಮೊತ್ತವನ್ನು ಗಲ್ಲಾದಲ್ಲಿ ಕೂತ ಭಟ್ಟರಿಗೆ ಕೂಗಿ ಹೇಳುತ್ತಿದ್ದ. ಆ ಕೂಗು ಮುಗಿಯುವುದರೊಳಗೆ, ಉಳಿದವರ ಕೈಗಳನ್ನೆಲ್ಲ ತಳ್ಳಿ, ಯಾರ ನೋಟು ಭಟ್ಟರ ಕೈ ಸೇರುತ್ತದೋ ಅವನೇ ಗಂಡಸು.

“ನಾನು ಕೊಡ್ತೇನೆ!”

“ಛೆ ಛೆ, ನೀವು ಸುಮ್ನಿರಿ, ನಾನು!”

“ಭಟ್ರೇ, ಅವರ ದುಡ್ಡು ಮುಟ್ಟಿದ್ರೆ ನಾಳೆಯಿಂದ ನಿಮ್ಮ ಹೋಟೆಲಿಗೆ ಬರುವುದಿಲ್ಲ!”

ನಮ್ಮ ಊರಿನಲ್ಲಿ ನಾಲ್ಕು ಜನ ಹೋಟೆಲಿಗೆ ಹೋಗಿ ಈ ಜಗಳವಾಡದೆ ಹೊರಗೆ ಬಂದರೆ, ಅವರೊಳಗೆ ಏನೋ ಮನಸ್ತಾಪ ಇದೆಯೆಂದೇ ಅರ್ಥ. ನಾನಂತೂ ಈ ವಿದ್ಯೆಯಲ್ಲಿ ಪಂಡಿತನಾಗಿದ್ದೆ. ನೋಟನ್ನು ಮೊದಲೇ ನಾಲ್ಕಾಗಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟಿರುತ್ತಿದ್ದೆ. ಕಾಫಿಯ ಕೊನೆಯ ಗುಟುಕನ್ನು ಲೋಟದಲ್ಲೇ ಬಿಟ್ಟು ಏಳುತ್ತಿದ್ದೆ. ಎಡ ಮೊಣಕೈಯಿಂದ ಸದಾನಂದನನ್ನು ತಡೆದು, ಬಲಗೈ ಚಾಚುತ್ತಿದ್ದೆ. ಏಳು ವರ್ಷಗಳಲ್ಲಿ ನಾನು ಸೋತದ್ದು ಎರಡೇ ಸಲ. ಆ ಎರಡು ದಿನವೂ ನಾನು ಜ್ವರ ಬಂದು ರಜೆಯಲ್ಲಿದ್ದೆ.

ಅತ್ತ ಕಡಿಯಾಳಿಯ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ಸುಮತಿಗೆ ಬಲಭುಜದ ನೋವು. ದಿನಾ ಎರಡು ಹೊತ್ತು ಕಡೆಯುವ ಕಲ್ಲಿನಲ್ಲಿ ತೆಂಗಿನಕಾಯಿ ಕಡೆದೂ ಕಡೆದೂ ಕೈ ಎತ್ತಲಾಗುತ್ತಿರಲಿಲ್ಲ. ಡಾಕ್ಟರು, “ಕಲ್ಲು ತಿರುಗಿಸುವುದು ಬಿಡಬೇಕು, ಒಂದು ಮಿಕ್ಸಿ ತಕೊಳ್ಳಿ” ಎಂದಿದ್ದರು. ನಾನು “ನೋಡುವಾ” ಎಂದಿದ್ದೆ. ಹಾಗೆ ನೋಡುತ್ತಾ ಮೂರು ವರ್ಷವಾಗಿತ್ತು.

ಒಂದು ಮಂಗಳವಾರ ಸುಮತಿ ದೇವಸ್ಥಾನದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಸದಾನಂದಣ್ಣನ ಹೆಂಡತಿ ವನಜ ಸಿಕ್ಕಿದ್ರು. ನಿಮ್ಮನ್ನು ತುಂಬಾ ಹೊಗಳಿದ್ರು.”

“ಹೌದಾ? ಎಂತ ಹೇಳಿದ್ರು?” ನಾನು ಪೇಪರು ಮಡಚಿಟ್ಟೆ.

“ಏಳು ವರ್ಷದಿಂದ ಅವರ ಗಂಡನಿಗೆ ಕಾಫಿ ತಿಂಡಿಯ ಖರ್ಚೇ ಇಲ್ವಂತೆ. ನೀವು ಕೊಡ್ಲಿಕ್ಕೇ ಬಿಡುವುದಿಲ್ವಂತೆ. ಆ ದುಡ್ಡು ಒಟ್ಟು ಮಾಡಿ ಮೊನ್ನೆ ಮಿಕ್ಸಿ ತಕೊಂಡ್ರಂತೆ.”

“ಒಳ್ಳೆಯದೇ ಆಯ್ತಲ್ಲ!” ಎಂದೆ. ಎಂದ ಮೇಲೆ ಅರ್ಥವಾಯಿತು.

“ಒಳ್ಳೆಯದೇ. ನಮ್ಮ ಮಿಕ್ಸಿ ಅವರ ಮನೆಯಲ್ಲಿ ತಿರುಗ್ತಾ ಉಂಟು. ಇಲ್ಲಿ ನನ್ನ ಭುಜ ತಿರುಗುವುದಿಲ್ಲ.”

ಆ ರಾತ್ರಿ ಊಟಕ್ಕೆ ಚಟ್ನಿ ಇರಲಿಲ್ಲ. ಊಟದ ನಡುವೆಯೇ ಒಪ್ಪಂದವಾಯಿತು. ಸುಮತಿ ನ್ಯಾಯವಂತೆ, ಹೋಟೆಲಿಗೇ ಹೋಗಬೇಡಿ ಎನ್ನಲಿಲ್ಲ.

“ನಾಲ್ಕು ದಿನಕ್ಕೆ ಒಂದು ಸಲ ನೀವು ಕೊಡಿ. ಉಳಿದ ಮೂರು ದಿನ ಸೋಲಿ. ಸೋಲುವುದಕ್ಕೆ ಎಂತ ಕಷ್ಟ ಉಂಟು?”

ಏನು ಕಷ್ಟವೆಂದು ಮರುದಿನವೇ ಗೊತ್ತಾಯಿತು. ತಿಂದಾದ ಮೇಲೆ ಬೇರೆಯವರಿಗೆ ಅವಕಾಶ ಸಿಗಲಿ ಎಂಬ ಉದಾತ್ತ ಉದ್ದೇಶದಿಂದ ನಾನು ಕೈ ತೊಳೆಯಲು ಹೋದೆ. ಒಂದೊಂದೇ ಬೆರಳನ್ನು ತೊಳೆದೆ. ಉಗುರುಗಳನ್ನು ತೊಳೆದೆ. ಮೊಣಕೈವರೆಗೆ ತೊಳೆದೆ. ಇಷ್ಟು ಹೊತ್ತಿಗೆ ಬಿಲ್ಲು ಸಂದಿರಬೇಕು ಎಂದು ತಿರುಗಿ ನೋಡಿದರೆ, ಮೂವರೂ ನನ್ನ ಹಿಂದೆಯೇ ಸಾಲಾಗಿ ನಿಂತಿದ್ದರು!

“ನಿಧಾನ ಮಾಡು ಮಾರಾಯ, ಎಂತ ಅವಸರ ಉಂಟು?” ಎಂದ ಸದಾನಂದ.

ಅಷ್ಟರಲ್ಲಿ ಒಳಗಿನಿಂದ ಸಪ್ಲಾಯರ್ ಕೂಗಿದ. ಆ ಕೂಗು ಕಿವಿಗೆ ಬಿದ್ದದ್ದೇ ತಡ, ನನ್ನ ಕಾಲುಗಳು ನನ್ನನ್ನು ಕೇಳದೆ ಗಲ್ಲಾದ ಕಡೆಗೆ ಹೊರಟುಬಿಟ್ಟವು. ಒದ್ದೆ ಕೈಯಲ್ಲೇ ಕೊಟ್ಟೆ.

ಮರುದಿನ ಸುಮತಿ ನನ್ನ ಅಂಗಿಯ ಕಿಸೆಯ ಬಾಯಿಗೆ ಒಂದು ಸೇಫ್ಟಿ ಪಿನ್ನು ಹಾಕಿ ಕಳಿಸಿದಳು. “ಇದನ್ನು ಬಿಡಿಸುವುದರೊಳಗೆ ಬೇರೆ ಯಾರಾದ್ರೂ ಕೊಡ್ತಾರೆ” ಎಂಬುದು ಅವಳ ಯೋಜನೆ. ಒಳ್ಳೆಯ ಯೋಜನೆಯೇ. ಆದರೆ ಸಪ್ಲಾಯರ್ ಕೂಗಿದಾಗ ನನ್ನ ಬಲಗೈಗೆ ಪಿನ್ನಿನ ನೆನಪಾಗಲಿಲ್ಲ. ಪರ್ರನೆ ಸದ್ದಾಯಿತು. ನಾನು ಭಟ್ಟರ ಕೈಗೆ ಇಟ್ಟದ್ದು ನೋಟನ್ನಲ್ಲ, ಇಡೀ ಕಿಸೆಯನ್ನು! ಅವರು ಶಾಂತವಾಗಿ ಪಿನ್ನು ಬಿಡಿಸಿ, ನೋಟು ತೆಗೆದುಕೊಂಡು, ಚಿಲ್ಲರೆಯನ್ನು ಆ ಕಿಸೆಯೊಳಗೇ ಹಾಕಿ ವಾಪಸು ಕೊಟ್ಟರು. ನಾಲ್ಕು ಕಾಫಿಯ ಬಿಲ್ಲು ಉಳಿಸಲು ಹೋಗಿ ಒಂದು ಟೆರಿಕಾಟನ್ ಅಂಗಿ ಹೋಯಿತು.

ಸುಮತಿ ನನ್ನ ಮೇಲಿನ ಆಸೆ ಬಿಟ್ಟಳು. ಕಾಪುವಿನ ತವರುಮನೆಯಿಂದ ತಂದು ನೆಟ್ಟ ನಾಲ್ಕು ಮಲ್ಲಿಗೆ ಗಿಡಗಳು ಮನೆಯ ಹಿಂದೆ ಚೆನ್ನಾಗಿ ಬಂದಿದ್ದವು. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವರಿಗೆ ಕೊಡತೊಡಗಿದಳು. ಭುಜ ನೋಯುತ್ತಿದ್ದರೂ ಬೆರಳುಗಳು ಚುರುಕಾಗಿದ್ದವು. ಒಂದೂವರೆ ವರ್ಷ ಹೀಗೆ ಕಟ್ಟಿ, ಒಂದು ದಿನ ಅಕ್ಕಿ ಡಬ್ಬದ ತಳದಿಂದ ನೋಟುಗಳ ಕಟ್ಟನ್ನು ತೆಗೆದು ನನ್ನ ಮುಂದಿಟ್ಟಳು. ಮಿಕ್ಸಿಯ ಹಣ! ಸರಿಯಾಗಿ ಒಂದು ಮಿಕ್ಸಿಯ ಹಣ, ಮೇಲೆ ಏನೂ ಇಲ್ಲ.

ಇಲ್ಲಿ ನಾನೊಂದು ಮಾತು ಹೇಳಿದೆ. ಹೇಳದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. “ಅಂಗಡಿಯಲ್ಲಿ ಹೆಂಗಸರು ದುಡ್ಡು ಎಣಿಸಿದ್ರೆ ಚಂದ ಕಾಣುವುದಿಲ್ಲ. ಕೊಡು, ನಾನು ಇಟ್ಟುಕೊಳ್ತೇನೆ” ಎಂದೆ. ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಕೊಟ್ಟಳು.

ಉಡುಪಿಯಲ್ಲಿ ಅಂಗಡಿಯ ಮುಂದೆ ಇಳಿದಾಗ ಮಧ್ಯಾಹ್ನ. ಅಂಗಡಿಯವರು ಊಟಕ್ಕೆ ಹೋಗಿದ್ದರು, ಬಾಗಿಲು ತೆರೆಯಲು ಇನ್ನೂ ಒಂದು ಗಂಟೆ. ಬಿಸಿಲಿನಲ್ಲಿ ನಿಲ್ಲುವ ಬದಲು ಪಕ್ಕದ ಹೋಟೆಲಿನಲ್ಲಿ ಒಂದೊಂದು ಕಾಫಿ ಕುಡಿಯುವಾ ಎಂದೆ. ಒಳಗೆ ಸೂಜಿ ಹಾಕಲೂ ಜಾಗವಿರಲಿಲ್ಲ. ಮದುವೆಯ ಜವುಳಿ ತೆಗೆಯಲು ಬಂದ ಎರಡೂ ಕಡೆಯ ಮಂದಿ, ಒಟ್ಟು ಹತ್ತೊಂಬತ್ತು ಜನ, ಊಟ ಮಾಡಿ, ಅದರ ಮೇಲೆ ತಲೆಗೊಂದರಂತೆ ಗಡ್‌ಬಡ್ ಐಸ್‌ಕ್ರೀಮ್ ತಿಂದು ಏಳುತ್ತಿದ್ದರು.

ಕಾಫಿ ಮುಗಿಸಿ ನಾನು ಗಲ್ಲಾದ ಹತ್ತಿರ ಹೋದೆ. ಅಲ್ಲಿ ಕಾರ್ಕಳದ ಗಂಡಿನ ಕಡೆಯ ಹಿರಿಯರೊಬ್ಬರು ನೋಟು ಹಿಡಿದು ಕೈ ಚಾಚಿದ್ದರು. ಹೆಬ್ರಿಯ ಹೆಣ್ಣಿನ ಕಡೆಯವರೊಬ್ಬರು ಆ ಕೈಯನ್ನು ಹಿಡಿದು ಎಳೆಯುತ್ತಿದ್ದರು.

“ನಾನು ಕೊಡ್ತೇನೆ ಭಾವ!”

“ಆಗ್ಲಿಕ್ಕಿಲ್ಲ, ನೀವು ಸುಮ್ನಿರಿ!”

ನಾನು ಇದನ್ನು ನೋಡಬಾರದಿತ್ತು. ನನ್ನ ಮೈಯೊಳಗೆ ಏನೋ ಆಯಿತು. ಎಡ ಮೊಣಕೈ ತಾನಾಗಿ ಮೇಲೆದ್ದಿತು. “ಛೆ ಛೆ, ನೀವಿಬ್ಬರೂ ಎಂತದು! ನಾನಿರುವಾಗ!” ಎನ್ನುತ್ತಾ ಇಬ್ಬರ ನಡುವೆ ನುಗ್ಗಿ, ಕೈಗೆ ಸಿಕ್ಕಿದ ನೋಟುಗಳನ್ನು ಗಲ್ಲಾದವರ ಅಂಗೈಗೆ ಒತ್ತಿಬಿಟ್ಟೆ!

ಯಾರಾದರೂ ತಡೆಯುತ್ತಾರೆಂದು ನೀವು ಎಣಿಸಬಹುದು. ಗಂಡಿನ ಕಡೆಯವರು ನನ್ನನ್ನು ಹೆಣ್ಣಿನ ಕಡೆಯವನೆಂದುಕೊಂಡರು. ಹೆಣ್ಣಿನ ಕಡೆಯವರು ನನ್ನನ್ನು ಗಂಡಿನ ಕಡೆಯವನೆಂದುಕೊಂಡರು. ಬೀಗರ ಎದುರು ಮರ್ಯಾದೆಯ ಪ್ರಶ್ನೆ, ಹಾಗಾಗಿ ಯಾರೂ ಕೇಳಲಿಲ್ಲ. ಹಿರಿಯರು ನನ್ನ ಎರಡೂ ಕೈ ಹಿಡಿದುಕೊಂಡು, “ನಿಮ್ಮಂಥವರ ಸಂಬಂಧ ಸಿಕ್ಕಿದ್ದು ನಮ್ಮ ಪುಣ್ಯ. ಮದುವೆಗೆ ಎರಡು ದಿನ ಮೊದಲೇ ಬರ್ಬೇಕು” ಎಂದರು. ನಾನು “ಖಂಡಿತ ಖಂಡಿತ” ಎಂದೆ. ಅವರು ಬಾಗಿಲು ದಾಟಿದ ಮೇಲೆ ನೋಡಿದರೆ ಸುಮತಿ ಅಲ್ಲೇ ನಿಂತಿದ್ದಳು. ನಮ್ಮ ಎರಡು ಕಾಫಿಯ ಬಿಲ್ಲು ಇನ್ನೂ ಬಾಕಿ ಇತ್ತು. ಅದನ್ನು ಅವಳು ತನ್ನ ಪುಟ್ಟ ಪರ್ಸಿನಿಂದ ಚಿಲ್ಲರೆ ಎಣಿಸಿ ಕೊಟ್ಟಳು.

ಮಿಕ್ಸಿಯ ಬೆಲೆಗೂ ನನ್ನ ಕೈಯಲ್ಲಿ ಉಳಿದದ್ದಕ್ಕೂ ನಡುವೆ ಹತ್ತೊಂಬತ್ತು ಊಟ ಮತ್ತು ಹತ್ತೊಂಬತ್ತು ಗಡ್‌ಬಡ್ ಇತ್ತು. ಅಂಗಡಿ ತೆರೆಯುವುದನ್ನು ಕಾಯುವ ಅಗತ್ಯ ಬೀಳಲಿಲ್ಲ. ಕಡಿಯಾಳಿಯವರೆಗೆ ಅವಳು ಮುಂದೆ, ನಾನು ಹಿಂದೆ ನಡೆದೆವು. ಮನೆಯ ಗೇಟಿನ ಹತ್ತಿರ ಮಾತ್ರ ಒಂದು ಸಲ ತಿರುಗಿದಳು.

“ಮದುವೆ ಎಲ್ಲಿ? ಒಂದು ಊಟವಾದ್ರೂ ವಸೂಲು ಆಗ್ಲಿ.”

“ಕೇಳ್ಲಿಕ್ಕೆ ಮರೆತುಹೋಯ್ತು.”

ಸಂಜೆ ಅವಳು ತೆಂಗಿನಕಾಯಿ ತುರಿದು ಕಲ್ಲಿನ ಮುಂದೆ ಕೂತಳು. ಎಡಗೈಯಿಂದ ಬಲಭುಜವನ್ನು ಒಮ್ಮೆ ಒತ್ತಿಕೊಂಡಳು. ಅದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ತಮಾಷೆಯ ನಾಚಿಕೆಯಲ್ಲ. ಒಂದೂವರೆ ವರ್ಷ ಅವಳು ಬೆಳಗಿನ ಚಳಿಯಲ್ಲಿ ಕೊಯ್ದ ಮೊಗ್ಗುಗಳನ್ನು ನಾನು ಒಂದು ನಿಮಿಷದಲ್ಲಿ ಗುರುತಿಲ್ಲದವರಿಗೆ ತಿನ್ನಿಸಿ ಬಂದಿದ್ದೆ. “ಏಳು, ಹಣ ಮತ್ತೆ ಒಟ್ಟಾಗುವವರೆಗೆ ನಾನು ಕಡೆಯುತ್ತೇನೆ” ಎಂದೆ.

ಮೊದಲ ದಿನ ಚಟ್ನಿಯಲ್ಲಿ ಅರ್ಧ ಗೋಡೆಗೆ ಹೋಯಿತು. ಎರಡನೆಯ ದಿನ ಗುಂಡುಕಲ್ಲಿನಡಿ ಬೆರಳು ಸಿಕ್ಕಿತು. ಹದಿನೈದು ದಿನಕ್ಕೆ ಮಸಾಲೆ ಬೆಣ್ಣೆಯ ಹಾಗೆ ಬರತೊಡಗಿತು, ನನ್ನ ಬಲಗೈ ಮಾತ್ರ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಆ ವಾರ ಹೋಟೆಲಿನಲ್ಲಿ ಸಪ್ಲಾಯರ್ ಕೂಗಿದಾಗ ನಾನು ಮೊದಲ ಬಾರಿಗೆ ಎದ್ದೇಳಲಿಲ್ಲ. ಎದ್ದರೂ ಕೈ ಏಳಬೇಕಲ್ಲ! ಸದಾನಂದ ವಾಡಿಕೆಯಂತೆ ಗಲ್ಲಾಕ್ಕೆ ಹೋಗಿ, “ನಾನು ಕೊಡ್ತೇನೆ” ಎಂದು ಪ್ಯಾಂಟಿನ ಕಿಸೆಗೆ ಕೈ ಹಾಕಿ ನಿಂತ. ನಿಂತೇ ಇದ್ದ. ತಡೆಯಲು ಯಾರೂ ಬರಲಿಲ್ಲ. ಭಟ್ಟರು ಅಂಗೈ ಚಾಚಿದರು. ಕೊನೆಗೆ ಅವನ ಕೈ ಹೊರಗೆ ಬಂತು. ಅದರಲ್ಲಿ ಇದ್ದದ್ದು ಒಂದು ಬಾಚಣಿಗೆ!

ಇಷ್ಟು ವರ್ಷ ನಾನು ಕುಸ್ತಿ ಹಿಡಿದದ್ದು ಬಾಚಣಿಗೆಯ ಜೊತೆ. ಆ ದಿನದ ಬಿಲ್ಲನ್ನು, ಎಡಗೈಯಲ್ಲಿ ಕೊಡುವುದಕ್ಕೆ ಕ್ಷಮೆ ಕೇಳಿ, ಬಸ್ಸಿನ ಹಣವನ್ನೂ ಸೇರಿಸಿ ನಾನೇ ಕೊಟ್ಟು ಮನೆಗೆ ನಡೆದುಕೊಂಡು ಹೋದೆ. ಮರುದಿನ ನಾನು ಹೋಟೆಲಿಗೆ ಬರುವುದಿಲ್ಲವೆಂದಾಗ, ಕಾಫಿ ಮೈಗೆ ಉಷ್ಣ ಎಂಬ ವಿಷಯ ಉಳಿದ ಮೂವರಿಗೂ ಒಟ್ಟಿಗೇ ನೆನಪಾಯಿತು.

ಉಳಿದಿದ್ದ ನೋಟುಗಳಿಗೆ ಮಲ್ಲಿಗೆಯ ಹಣವೂ ನನ್ನ ಹೋಟೆಲಿನ ಹಣವೂ ಸೇರಿ, ನಾಲ್ಕು ತಿಂಗಳಾದ ಮೇಲೆ ಮಿಕ್ಸಿ ಬಂತು. ಸುಮತಿ ಒಬ್ಬಳೇ ಹೋಗಿ, ಹಣ ಒಬ್ಬಳೇ ಎಣಿಸಿ, ತಂದಳು. ಅಂಗಡಿಯಲ್ಲಿ ಎಲ್ಲರಿಗೂ ಅದು ಚಂದವಾಗಿಯೇ ಕಂಡಿತಂತೆ. ನಾನು ಕಲ್ಲಿಗೆ ಕೈಮುಗಿದು ಎದ್ದೆ. ಆದರೆ ಮಿಕ್ಸಿಯ ಮೊದಲ ಚಟ್ನಿಯನ್ನು ನಾಲಗೆಗೆ ಹಚ್ಚಿದ ಸುಮತಿ ಮುಖ ಸಿಂಡರಿಸಿದಳು. “ಕಲ್ಲಿನ ರುಚಿ ಇಲ್ಲ” ಎಂದಳು. ಎರಡನೆಯ ವಾರ ಮಿಕ್ಸಿಗೆ ಕಸೂತಿ ಹಾಕಿದ ಬಟ್ಟೆಯ ಮುಸುಕು ಬಂತು. ಮೂರನೆಯ ವಾರ ಅದು ಅಡುಗೆಮನೆಯಿಂದ ಚಾವಡಿಯ ಮೇಜಿಗೆ ಬಂತು.

ಅದನ್ನು ನೋಡಲೆಂದೇ ಒಂದು ದಿನ ವನಜ ಬಂದರು. ಮುಸುಕು ಎತ್ತಿ ನೋಡಿ, “ಹೊಸದರ ಹಾಗೇ ಉಂಟಲ್ಲ! ಉಪಯೋಗಿಸುವುದಿಲ್ವಾ?” ಎಂದು ಕೇಳಿದರು. ನಾನು ಒಳಗೆ ಮಸಾಲೆ ಕಡೆಯುತ್ತಿದ್ದೆ. ಸುಮತಿಯ ಉತ್ತರ ಸ್ಪಷ್ಟವಾಗಿ ಕೇಳಿಸಿತು.

“ಅದು ಕರೆಂಟು ಇದ್ರೆ ಮಾತ್ರ ತಿರುಗುವುದು ವನಜ. ನಮ್ಮವರು ಹಾಗಲ್ಲ.”