ದೊಡ್ಡಪ್ಪ ಬಣ್ಣ ಬಳಿಯದ ಕಂಬಿ

ನಮ್ಮ ದೊಡ್ಡಪ್ಪನಿಗೆ ಪ್ರಪಂಚದಲ್ಲಿ ಇದ್ದದ್ದು ಇಬ್ಬರೇ ವೈರಿಗಳು. ಒಬ್ಬ ತುಕ್ಕು, ಇನ್ನೊಬ್ಬ ಕೊಬ್ಬರಿ ಎಣ್ಣೆ! ತಿಪಟೂರು ಸೀಮೆಯಲ್ಲಿ ಹುಟ್ಟಿ, ತೆಂಗಿನ ತೋಟ ಇಟ್ಟುಕೊಂಡು, ಕೊಬ್ಬರಿ ಎಣ್ಣೆಯ ಮೇಲೆ ಹಗೆ ಸಾಧಿಸುವುದು ಸಾಮಾನ್ಯರ ಕೈಲಾಗುವ ಕೆಲಸವೇ?

ಅಣೆಕಟ್ಟೆಯ ಗೇಟುಗಳಿಗೆ ಬಣ್ಣ ಹೊಡೆಸುವ ಮೇಸ್ತ್ರಿಯಾಗಿದ್ದವರು ಅವರು. ರಿಟೈರಾಗಿ ನೊಣವಿನಕೆರೆ ಬಸ್ಸಿನಿಂದ ಇಳಿದಾಗ ಎರಡು ಕೈಯಲ್ಲೂ ತುಕ್ಕು ತಡೆಯುವ ಕ್ಲೋರಿನೇಟೆಡ್ ರಬ್ಬರ್ ಪೇಂಟಿನ ಡಬ್ಬಗಳು.

"ನೀರು, ಉಪ್ಪು, ಆಸಿಡ್ಡು, ಯಾವುದಕ್ಕೂ ಜಗ್ಗಾಕಿಲ್ಲ ಕಣ್ಲಾ ಇದು. ಎಣ್ಣೆ ಜಿಡ್ಡು ಒಂದು ತಾಗಬಾರದು ಅಷ್ಟೇಯ!"

ಪಂಪಿನ ಪೈಪು, ಬಾವಿಯ ರಾಟೆ, ದೊಡ್ಡಮ್ಮನ ಮದುವೆ ಟ್ರಂಕು, ಎಲ್ಲಕ್ಕೂ ಬೂದು ಬಣ್ಣ ಏರಿತು. ತುಕ್ಕು ಉಜ್ಜುವವರು ನಾವು, ತಪ್ಪು ಹುಡುಕುವವರು ಅವರು. ಕೊನೆಗೆ ಕಾಯಿ ಸುಲಿಯುವ ಹಾರೆಗೂ ಬಳಿದುಬಿಟ್ಟರು! ಒಣಗುವ ಮೊದಲೇ ಆಳು ಕಾಯಿ ಕುಕ್ಕಿದ. ಸಿಪ್ಪೆಗೆಲ್ಲ ಬಣ್ಣ.

"ಕಾಯಿಗೂ ತುಕ್ಕು ಹಿಡಿತೈತಾ ಬುದ್ಧಿ?" ಎಂದು ಅವನು ಕೇಳಿದ. ದೊಡ್ಡಪ್ಪ ಹಾರೆ ಕಿತ್ತುಕೊಂಡು ಮತ್ತೆ ಬಣ್ಣ ಬಳಿದರು.

ಎಣ್ಣೆಗೈಯವರು ಗೇಟು ಮುಟ್ಟುವಂತಿರಲಿಲ್ಲ. ಒಮ್ಮೆ ಬೀಗರು ಎಣ್ಣೆಸ್ನಾನ ಮಾಡಿಕೊಂಡು ಬಂದಿದ್ದರು. ಪಾಪ, ಬಾಗಿಲಲ್ಲೇ ಸೀಗೆಪುಡಿ ಕೊಟ್ಟು ಕೈ ತೊಳೆಸಿದರು. ಎಂಥ ಮರ್ಯಾದೆ ನೋಡಿ!

ಆದರೆ ಮನೆಯೊಳಗಿನ ಶತ್ರುವನ್ನು ಏನು ಮಾಡುವುದು? ದೊಡ್ಡಮ್ಮ ದಿನಾ ಸಂಜೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಕಿಟಕಿಯ ಕಂಬಿಗೆ ತಲೆ ಒರಗಿಸಿ ಕೂತು, ತೋಟದಿಂದ ಬರುವ ಗಂಡನ ದಾರಿ ನೋಡುತ್ತಿದ್ದರು. ಅಷ್ಟು ಜಾಗದ ಬಣ್ಣ ಮೆತ್ತಗಾಗಿ ಕಿತ್ತು ಬರುತ್ತಿತ್ತು. ದೊಡ್ಡಪ್ಪ ಮತ್ತೆ ಬಳಿಯುತ್ತಿದ್ದರು.

"ಅಣೆಕಟ್ಟೆ ನೀರನ್ನೇ ತಡ್ಕಂಡ ಬಣ್ಣ, ನಿನ್ ತಲೆ ತಡ್ಕಳಾಕೆ ಆಗ್ತಿಲ್ವಲ್ಲೇ!"

"ಬಣ್ಣ ಯಾಕ್ರೀ? ಒಂದ್ ತೊಟ್ಟು ಎಣ್ಣೆ ಸವರಿದ್ರೆ ತುಕ್ಕು ಬರಾಕಿಲ್ಲ. ನಮ್ಮಪ್ಪ ಮಚ್ಚಿಗೆ ಅದನ್ನೇ ಸವರ್ತಿದ್ದ."

"ನಿಮ್ಮಪ್ಪ ಅಣೆಕಟ್ಟೆ ಕಟ್ಟಿದ್ನಾ?"

ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಒರಗುವುದು ನಿಲ್ಲುತ್ತಿರಲಿಲ್ಲ.

ದೊಡ್ಡಮ್ಮ ತೀರಿಕೊಂಡ ಮರುವರ್ಷ ಹೋಗಿದ್ದೆ. ಗೇಟು, ಪೈಪು, ಕಿಟಕಿ, ಎಲ್ಲಕ್ಕೂ ಹೊಸ ಬಣ್ಣ. ಆ ಒಂದು ಕಂಬಿಯಲ್ಲಿ ಮಾತ್ರ, ಕೂತರೆ ತಲೆ ತಾಗುವ ಎತ್ತರದಲ್ಲಿ, ಗೇಣುದ್ದ ಬರಿಯ ಕಬ್ಬಿಣ.

"ಇಲ್ಲಿ ಬಳಿಯೋದು ಮರೆತ್ರಾ ದೊಡ್ಡಪ್ಪ?" ಎಂದು ನಗುತ್ತಾ ಕೇಳಿದೆ.

ಸಂಜೆಯಾಗುತ್ತಲೇ ದೊಡ್ಡಪ್ಪ ಒಳಗಿನಿಂದ ದೊಡ್ಡಮ್ಮನ ಎಣ್ಣೆ ಬಟ್ಟಲು ತಂದರು. ಬೆರಳು ಅದ್ದಿ, ಆ ಕಂಬಿಗೆ ನಿಧಾನವಾಗಿ ಕೊಬ್ಬರಿ ಎಣ್ಣೆ ಸವರಿದರು.

"ಅವಳು ಹೇಳಿದ್ದೇ ಸರಿ ಕಣಪ್ಪ," ಎಂದರು. "ಒಂದ್ ಚೂರೂ ತುಕ್ಕು ಬಂದಿಲ್ಲ ನೋಡು."